ವಿಂಡೋಸ್ 95 ಹಾಕಿದ ಮೇಲೆ ಡಾಸ್ ಪ್ರೋಗ್ರಾಂಗೆ ಮೆಮೊರಿ ಸಾಲುತ್ತಿಲ್ಲವೇ?

ತುಮಕೂರು ಮಂಡಿಪೇಟೆಯಲ್ಲಿ ಇನ್ನೂ ಹಳೇ ಡಾಸ್ (ವಿಂಡೋಸ್‌ಗೂ ಮೊದಲಿನ ಕಂಪ್ಯೂಟರ್ ವ್ಯವಸ್ಥೆ) ಲೆಕ್ಕದ ಪ್ರೋಗ್ರಾಂ ಇಟ್ಟುಕೊಂಡಿರುವವರು ಇದನ್ನು ದಯವಿಟ್ಟು ಓದಿ. ಅಪ್‌ಗ್ರೇಡ್ ಆದ ಮೇಲೆ ಮೆಮೊರಿ ಸಾಲದು ಅಂತ ಬಂದರೆ ಸುಮ್ನೆ ಹೊಸ ರ‍್ಯಾಮ್ ತರಬೇಡಿ. ಕೊರತೆ ಇರುವುದು ಡಾಸ್ ಪ್ರೋಗ್ರಾಂಗಳು ಓಡುವ ಮೊದಲ 640 ಕೆಬಿಯಲ್ಲಿ. ಅದರ ಮೇಲಿನ 384 ಕೆಬಿಯಲ್ಲಿ ಖಾಲಿ ಇರುವ ಕಡೆಗೆ ಡ್ರೈವರ್‌ಗಳನ್ನು (ಸಿಡಿಯಂಥ ಭಾಗಗಳನ್ನು ನಡೆಸುವ ಸಣ್ಣ ಪ್ರೋಗ್ರಾಂಗಳು) ಸಾಗಿಸಬೇಕು, ಅಷ್ಟೇ.

ಮೆಮೊರಿ ನೋಡಿಕೊಳ್ಳುವ ಪ್ರೋಗ್ರಾಂ ಎರಡು: ಹೈಮೆಮ್ ಮತ್ತು ಇಎಂಎಂ386. ವಿಂಡೋಸ್ 95 ಹೈಮೆಮ್ ಅನ್ನು ತಾನೇ ಲೋಡ್ ಮಾಡುತ್ತದೆ, ಇಎಂಎಂ386 ಅನ್ನು ಮಾಡುವುದಿಲ್ಲ. ಮೇಲಿನ ಆ ಜಾಗ ತೆರೆಯುವುದು ಇಎಂಎಂ386 ತಾನೇ? ಕಂಪ್ಯೂಟರ್ ಶುರುವಾಗುವಾಗ ಓದುವ ಕಾನ್ಫಿಗ್ ಡಾಟ್ ಸಿಸ್ ಫೈಲಿನಲ್ಲಿ ಮೊದಲು ಹೈಮೆಮ್ ಸಾಲು, ಅದರ ಕೆಳಗೆ ಇಎಂಎಂ386 ನೋಇಎಂಎಸ್, ಆಮೇಲೆ ಡಾಸ್=ಹೈ,ಯುಎಂಬಿ ಬರೆಯಿರಿ. ಸಿಡಿ ಡ್ರೈವರ್ ಸಾಲಿನಲ್ಲಿ ಡಿವೈಸ್ ಬದಲು ಡಿವೈಸ್‌ಹೈ ಹಾಕಿ. ಹಳೇ ಸಾಲುಗಳು ಡಾಸ್ ಫೋಲ್ಡರ್ ತೋರಿಸುತ್ತಿದ್ದರೆ ವಿಂಡೋಸ್ ಫೋಲ್ಡರ್‌ಗೆ ಬದಲಿಸುವುದನ್ನು ಮರೆಯಲೇಬೇಡಿ. ರೀಬೂಟ್ ಮಾಡಿ, ಯಾವುದು ಎಷ್ಟು ಮೆಮೊರಿ ಹಿಡಿದಿದೆ ಅಂತ ತೋರಿಸುವ ಮೆಮ್ /ಸಿ ಆಜ್ಞೆ ಕೊಟ್ಟು ನೋಡಿ. ಶುರುವಾಗುವಾಗ ಮಧ್ಯದಲ್ಲಿ ನಿಂತರೆ ಮತ್ತೆ ರೀಬೂಟ್ ಮಾಡಿ, ವಿಂಡೋಸ್ ಶುರುವಾಗುತ್ತಿದೆ ಅಂತ ಬಂದ ಕೂಡಲೇ ಎಫ್8 ಒತ್ತಿ, ಬರುವ ಮೆನುವಿನಿಂದ ಒಂದೊಂದೇ ಸಾಲು ಓಡಿಸಿ.