ಜೂನ್ ತಿಂಗಳಿಗೆ ಸಾಲ ಮಾಡದೆ ಮನೆ ನಡೆಸಿದ್ದು: ನನ್ನ ಅನುಭವ

ಈ ಸಲವೂ ಜೂನ್ ತಿಂಗಳು ನಮ್ಮ ಮನೆಯಲ್ಲಿ ಸಾಲವಿಲ್ಲದೆ ದಾಟಿತು. ಬಳೆ ಅಡ ಇಡಲಿಲ್ಲ. ಶಾಲೆ ಫೀಸನ್ನು ಕ್ರೆಡಿಟ್ ಕಾರ್ಡಿನ ಇಎಂಐಗೆ ಹಾಕಲಿಲ್ಲ. ಅಣ್ಣನಿಗೆ ಫೋನ್ ಮಾಡಲಿಲ್ಲ. ಹೀಗೆ ದಾಟಿದ್ದು ಇದು ಮೂರನೇ ವರ್ಷ. ಇಬ್ಬರ ಸಂಬಳ ಸೇರಿ ಕೈಗೆ ಬರೋದು 95 ಸಾವಿರದ ಆಸುಪಾಸು. ಬೆಂಗಳೂರಿನ ವಿಜಯನಗರದ ಕಡೆ ಬಾಡಿಗೆ ಮನೆ, ಒಬ್ಬಳು ಮಗಳು, ಜೊತೆಗೆ ಅತ್ತೆ. ‘ಇದೆಲ್ಲ ಎರಡು ತಿಂಗಳ ಉತ್ಸಾಹ’ ಅಂದವರೇ ಈಗ ನನ್ನ ನೋಟ್‌ಬುಕ್ಕಿನ ಫೋಟೋ ಕಳಿಸು ಅಂತಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ತಿಂಗಳ ಬಜೆಟ್ ಹಾಕೋದು ನಿಮಗೆಲ್ಲ ಗೊತ್ತೇ ಇದೆ. ಬಾಡಿಗೆ, ದಿನಸಿ, ಹಾಲು, ಸ್ಕೂಲ್ ವ್ಯಾನ್, ಗ್ಯಾಸ್ ಇವು ಪ್ರತಿ ತಿಂಗಳೂ ಬರುತ್ತವೆ, ಹಾಗಾಗಿ ಅಭ್ಯಾಸ ಆಗಿಬಿಟ್ಟಿರುತ್ತೆ. ಸೊಂಟ ಮುರಿಯೋದು ವರ್ಷಕ್ಕೊಮ್ಮೆ ಬರುವವು. ಮೇ ಕೊನೆಗೆ ಶಾಲೆ ಫೀಸು, ಪುಸ್ತಕ, ಯೂನಿಫಾರ್ಮು. ಆಮೇಲೆ ವರಮಹಾಲಕ್ಷ್ಮಿ, ಗೌರಿ ಗಣೇಶ. ನಂತರ ದೀಪಾವಳಿಗೆ ಬಟ್ಟೆ, ಮನೆಕೆಲಸದವರಿಗೆ ಬೋನಸ್ಸು, ಅದರ ಬೆನ್ನಿಗೇ ಆರೋಗ್ಯ ವಿಮೆ. ಮಾಘದಿಂದ ವೈಶಾಖದವರೆಗೆ ಮದುವೆಗಳು. ಇವನ್ನು ನಾವು ‘ಅನಿರೀಕ್ಷಿತ ಖರ್ಚು’ ಅಂತೀವಿ. ಪ್ರತಿ ವರ್ಷ ಅದೇ ತಿಂಗಳಿಗೆ ಬರೋದು ಅನಿರೀಕ್ಷಿತ ಹೇಗಾಗುತ್ತೆ? ನನ್ನ ಲೆಕ್ಕವೆಲ್ಲ ನಿಂತಿರೋದು ಈ ಒಂದು ಪ್ರಶ್ನೆಯ ಮೇಲೆ.

ಇದಕ್ಕೂ ಮುಂಚೆ ಮಾಡಿದ್ದೆಲ್ಲ ಕೈಕೊಟ್ಟಿತ್ತು. ಮೊಬೈಲಿನಲ್ಲಿ ಖರ್ಚು ಬರೆಯುವ ಆ್ಯಪ್ ಒಂದು ವರ್ಷ ನಡೆಸಿದೆ. ದುಡ್ಡು ಎಲ್ಲಿ ಹೋಯಿತು ಅಂತ ಚೆನ್ನಾಗಿ ತೋರಿಸುತ್ತಿತ್ತು, ಹೋದ ಮೇಲೆ. ಕವರಿನಲ್ಲಿ ನಗದು ಇಡುವ ಪದ್ಧತಿ ಯುಪಿಐ ಬಂದ ಮೇಲೆ ನಡೆಯೋದೇ ಇಲ್ಲ. ತರಕಾರಿ ಗಾಡಿಯವರಿಗೂ ಸ್ಕ್ಯಾನ್ ಮಾಡುವಾಗ ಕವರ್ ಬಿಚ್ಚೋರು ಯಾರು? ದೊಡ್ಡ ಪೆಟ್ಟು ಬಿದ್ದದ್ದು ಚೀಟಿಯಲ್ಲಿ. 2 ಲಕ್ಷದ ಚೀಟಿ, 20 ಜನ, ಎಲ್ಲರೂ ಪರಿಚಯದವರೇ. ಯಾರು ಜಾಸ್ತಿ ಬಿಟ್ಟುಕೊಡುತ್ತೇನೆ ಅಂತ ಕೂಗುತ್ತಾರೋ ಆ ತಿಂಗಳ ದುಡ್ಡು ಅವರಿಗೆ. ಫೀಸಿಗೆ ಬೇಕು ಅಂತ ಮೇ ತಿಂಗಳಲ್ಲಿ ಕೂಗಲು ಕೂತರೆ, ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಅದೇ ಫೀಸಿನ ಚಿಂತೆ. ಕೂಗು ಏರಿ ಏರಿ ಕೊನೆಗೆ ನಮ್ಮ ಕೈಗೆ ಬಂದದ್ದು 1 ಲಕ್ಷ 60 ಸಾವಿರದ ಹತ್ತಿರ. ಅದೇ ಚೀಟಿಯನ್ನು ಆಷಾಢ ಕಳೆದು ಎತ್ತಿದವರಿಗೆ ನಮಗಿಂತ ಹದಿನೈದು ಸಾವಿರ ಜಾಸ್ತಿ ಸಿಕ್ಕಿತು. ಎಲ್ಲರಿಗೂ ದುಡ್ಡು ಬೇಕಾದ ತಿಂಗಳಲ್ಲಿ ದುಡ್ಡಿಗೂ ರೇಟು ಜಾಸ್ತಿ ಅಂತ ಅವತ್ತು ಅರ್ಥವಾಯಿತು.

2023ರ ಜುಲೈನಲ್ಲಿ ಹೊಸದಾಗಿ ಶುರು ಮಾಡಿದೆ. ತಲೆಯಲ್ಲಿದ್ದದ್ದನ್ನು ಬರೆಯಲಿಲ್ಲ. ಹಿಂದಿನ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಪ್ರತಿ ತಿಂಗಳೂ ಬಾರದ, 1,000ಕ್ಕಿಂತ ದೊಡ್ಡ ಸಾಲಿಗೆಲ್ಲ ಹಸಿರು ಗೆರೆ ಎಳೆದೆ. ಇದು ಮುಖ್ಯ. ಬಾಯಿಲೆಕ್ಕದಲ್ಲಿ ನಮ್ಮ ಮನೆಯವರು ಹೇಳಿದ್ದು ‘ಎಲ್ಲ ಸೇರಿ ಒಂದೂಕಾಲು ಲಕ್ಷ ಆಗಬಹುದು’ ಅಂತ. ಹಸಿರು ಗೆರೆಗಳು ಕೂಡಿದಾಗ ವರ್ಷಕ್ಕೆ 2 ಲಕ್ಷ 40 ಸಾವಿರದ ಮೇಲೆ ಹೋಯಿತು. ಶಾಲೆಯೊಂದೇ 85 ಸಾವಿರ. ವಿಮೆ 28, ಗಾಡಿಗಳು 20, ಹಬ್ಬ 30, ಮದುವೆ ಮುಂಜಿ 25. ಉಳಿದದ್ದು ಮನೆದೇವರು, ಹಲ್ಲು, ಕನ್ನಡಕ, ರಿಪೇರಿ, ಮನೆ ಬದಲಾಯಿಸೋದು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 20 ಸಾವಿರ. ಅಂದರೆ ನಾವು ನಿಜವಾಗಿ ಎರಡು ಬಾಡಿಗೆ ಕಟ್ಟುತ್ತಿದ್ದೆವು, ಲೆಕ್ಕ ಇಡುತ್ತಿದ್ದದ್ದು ಒಂದಕ್ಕೆ.

ಬ್ಯಾಂಕಿನಲ್ಲಿರುವ ನಮ್ಮ ಭಾವ ಇದನ್ನು ಕೇಳಿ, ‘ನೋಡಮ್ಮ, ಇಪ್ಪತ್ತು ಸಾವಿರ ಸುಮ್ನೆ ಪಕ್ಕಕ್ಕಿಡೋದಾದ್ರೆ ಎಸ್‌ಐಪಿ ಹಾಕು. ಖಾತೆಯಲ್ಲಿ ಮಲಗಿಸಿ ಏನು ಪ್ರಯೋಜನ?’ ಅಂದರು. ಎಸ್‌ಐಪಿ ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕೋದು. ‘ಭಾವ, ಮೇ ತಿಂಗಳಲ್ಲಿ ಮಾರ್ಕೆಟ್ ಬಿದ್ದಿದ್ರೆ ಶಾಲೆಯವರು ಕಾಯ್ತಾರಾ?’ ಅಂತ ಕೇಳಿದೆ. ಅವರು ನಕ್ಕು ಸುಮ್ಮನಾದರು. ಈಗ ಅವರ ಮನೆಯಲ್ಲೂ ಇದೇ ನಡೆಯುತ್ತಿದೆ, ಅಕ್ಕನೇ ಹೇಳಿದಳು.

ಮೊದಲ ವರ್ಷ 20 ಸಾವಿರ ತೆಗೆಯಲು ಆಗಲೇ ಇಲ್ಲ. 12ರಿಂದ ಶುರು ಮಾಡಿ, ದೀಪಾವಳಿ ಹೊತ್ತಿಗೆ 15 ಮಾಡಿದೆವು. ಮೊದಲು ತುಂಬಿಸಿದ್ದು ಶಾಲೆಯ ಬಾಬ್ತು. ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ, ಅದಕ್ಕೆ ಯುಪಿಐ ಇಲ್ಲ, ಕಾರ್ಡು ಬೀರುವಿನಲ್ಲಿ. ಸಂಬಳ ಬಂದ ಮರುದಿನವೇ ದುಡ್ಡು ತಾನಾಗಿ ಅಲ್ಲಿಗೆ ಹೋಗುತ್ತೆ. ಶಾಲೆಯ 7 ಸಾವಿರಕ್ಕೆ ಮಾತ್ರ ಪ್ರತ್ಯೇಕ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ. ಅದು ಮುಗಿಯುವ ದಿನ ಫೀಸಿನ ಕೊನೇ ದಿನಕ್ಕಿಂತ ಎರಡು ವಾರ ಮುಂಚೆ ಬರುವ ಹಾಗೆ ತೆರೆಯಬೇಕು. ಬಡ್ಡಿ ಸುಮಾರು 3 ಸಾವಿರ ಬರುತ್ತೆ, ಶೂ ಮತ್ತು ಸ್ಕೂಲ್ ಬ್ಯಾಗಿಗೆ ಅದೇ ಸಾಕು. ಪೂರ್ತಿ ಫೀಸು ಒಂದೇ ಕಂತಿನಲ್ಲಿ ಕಟ್ಟುತ್ತೇವೆ ಅಂದಾಗ ಶಾಲೆಯವರು ಒಂದಿಷ್ಟು ಬಿಟ್ಟರು. ಎಷ್ಟು, ಯಾರನ್ನು ಹೇಗೆ ಕೇಳಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಎಲ್ಲರೂ ಕೇಳಲು ಹೋದರೆ ನಮಗೂ ಸಿಗೋದಿಲ್ಲ.

ಎಲ್ಲರೂ ಕಷ್ಟ ಅನ್ನೋದು ಮದುವೆ ಖರ್ಚಿನ ಅಂದಾಜು. ಯಾರ ಮನೆಯಲ್ಲಿ ಯಾವಾಗ ಮದುವೆ ಅಂತ ಹೇಳೋದು ಹೇಗೆ? ನನಗೆ ದಾರಿ ತೋರಿಸಿದ್ದು 2012ರಲ್ಲಿ ನಮ್ಮ ಮದುವೆಯಲ್ಲಿ ಬರೆಸಿದ ಮುಯ್ಯಿ ಪುಸ್ತಕ. ತಿಪಟೂರಿನಲ್ಲಿ ಅಮ್ಮನ ಟ್ರಂಕಿನಲ್ಲಿತ್ತು. ಉದ್ದನೆಯ ಬೈಂಡ್ ಪುಸ್ತಕ, ಮೊದಲ ಪುಟದಲ್ಲಿ ಅರಿಶಿನ ಕುಂಕುಮ. ಎಡಗಡೆ ಹೆಸರು, ಊರು. ಬಲಗಡೆ 101, 251, 501, ನಡುನಡುವೆ ‘ಸ್ಟೀಲ್ ಡಬರಿ’, ‘ಗೋಡೆ ಗಡಿಯಾರ’. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೆಸರು ಓದಿದೆ. ‘ಇವರ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದಾಳೆ, ಗಂಡು ನೋಡ್ತಿದಾರೆ. ಇವರು ಮನೆ ಕಟ್ಟಿಸ್ತಿದಾರೆ, ತಾರಸಿ ಆಗಿದೆ, ಗೃಹಪ್ರವೇಶ ಬರುತ್ತೆ. ಇವರದ್ದು ಎಲ್ಲ ಮುಗಿದಿದೆ, ತೀರಿಸಿದ್ದೀವಿ.’ ಅಮ್ಮ ಹೇಳಿದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅವರು ಹೇಳಿದ ಹತ್ತರಲ್ಲಿ ಏಳೆಂಟು ಮುಂದಿನ ಎರಡು ವರ್ಷದಲ್ಲಿ ಆಗಿಯೇ ಆದವು. 2012ರ 501ಕ್ಕೆ ಈಗ 501 ಕೊಡಲು ಆಗೋದಿಲ್ಲ, ಅಲ್ವಾ? ಹತ್ತಿರದವರಾದರೆ ಮೂರು ಪಟ್ಟು, ದೂರದವರಾದರೆ ಎರಡು ಪಟ್ಟು ಅಂತ ಇಟ್ಟುಕೊಂಡೆ. ಈಗ ಎಷ್ಟೋ ಪತ್ರಿಕೆಯಲ್ಲಿ ‘ಉಡುಗೊರೆ ಬೇಡ’ ಅಂತ ಅಚ್ಚು ಹಾಕಿಸುತ್ತಾರೆ. ಆದರೂ ಹೋಗಿ ಬರುವ ಖರ್ಚು ಇದ್ದದ್ದೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಾನು, ಮಗಳು, ಅತ್ತೆ ಕೆಂಪು ಬಸ್ಸಿನಲ್ಲೇ ಹೋಗುತ್ತೇವೆ, ಟಿಕೆಟ್ ದುಡ್ಡು ಒಬ್ಬರದ್ದೇ. ಕಾರು ತೆಗೆದರೆ ಪೆಟ್ರೋಲು, ಟೋಲು ಸೇರಿ ಮುಯ್ಯಿಗಿಂತ ಅದೇ ಜಾಸ್ತಿ ಆಗುತ್ತಿತ್ತು.

ಇನ್ನು ಸವೆತದ ಬಾಬ್ತು. ಇದನ್ನು ಯಾರೂ ಬರೆಯೋದಿಲ್ಲ. ಯುಪಿಎಸ್ ಬ್ಯಾಟರಿ ಹಳೇದು ಕೊಟ್ಟು ಹೊಸದು ತಂದಾಗ ಸುಮಾರು 15 ಸಾವಿರ ಬಿತ್ತು. ಐದು ವರ್ಷ ಬಂದರೆ ತಿಂಗಳಿಗೆ 250. ಬ್ಯಾಟರಿಯ ಮೇಲೆ ತಂದ ತಿಂಗಳು, ವರ್ಷ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ಫೋನುಗಳೇ ಎಲ್ಲಕ್ಕಿಂತ ದುಬಾರಿ. ಎರಡು ಫೋನು, ಒಂದೊಂದು 18 ಸಾವಿರ, ಮೂರು ವರ್ಷ ಅಂದರೆ ತಿಂಗಳಿಗೆ 1,000. ಗೀಸರ್ ಇನ್ನೊಂದು. ನಮ್ಮದು ಬೋರ್‌ವೆಲ್ ನೀರು. ಕಾಯ್ಲ್ ಬಿಚ್ಚಿಸಿದಾಗ ಬಿಳಿ ಉಪ್ಪು ಕಟ್ಟಿ ಹೆಬ್ಬೆರಳಿನಷ್ಟು ದಪ್ಪ ಆಗಿತ್ತು, ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಈಗ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬಿಚ್ಚಿಸಿ ತೊಳೆಸುತ್ತೇನೆ. ಆಮೇಲೆ ಕಾಯ್ಲ್ ಸುಟ್ಟಿಲ್ಲ.

ಗಾಡಿ ವಿಷಯದಲ್ಲಿ ಬಹಳ ಜನ ಮರೆಯೋದು ಒಂದಿದೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಐದು ವರ್ಷದ್ದು ಒಟ್ಟಿಗೇ ಮಾಡಿಸಬೇಕು. ಹಾಗಾಗಿ ಐದು ವರ್ಷ ನೆಮ್ಮದಿ, ಆಮೇಲೆ ಅದರ ನೆನಪೇ ಇರೋದಿಲ್ಲ. ನಮ್ಮ ಸ್ಕೂಟರ್ 2019ರ ಜನವರಿಯದ್ದು. ಪಟ್ಟಿಯಲ್ಲಿ ಬರೆದಿದ್ದಕ್ಕೆ 2024ರ ಜನವರಿಗೆ ದುಡ್ಡು ತಯಾರಿತ್ತು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಬೇಕು ಅಂದಾಗಲೂ ಅದೇ ಬಾಬ್ತಿನಿಂದ ತೆಗೆದೆ.

2024ರ ಮಾರ್ಚ್ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಬೋರ್ ಬತ್ತಿತು, ಟ್ಯಾಂಕರಿನವರು ಹೇಳಿದ್ದೇ ರೇಟು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಆದರೆ ಆ ದರಕ್ಕೆ ಟ್ಯಾಂಕರ್ ನಮ್ಮ ಬೀದಿಗೆ ಬರುವಷ್ಟರಲ್ಲಿ ನಮ್ಮ ಪಾಲಿನ ಮೂರು ಸಾವಿರ ಹೋಗಿತ್ತು. ಅವತ್ತು ಹಬ್ಬದ ಬಾಬ್ತಿನಿಂದ ತೆಗೆದು ಕೊಟ್ಟೆ, ಮುಂದಿನ ತಿಂಗಳಿಂದ ‘ಬೇಸಿಗೆ ನೀರು’ ಅಂತ ಹೊಸ ಸಾಲು ಬರೆದೆ. ಎರಡು ಬೇಸಿಗೆ ಮುಟ್ಟದೆ ಉಳಿದ ದುಡ್ಡು ಹಾಗೇ ಇದೆ. ತೆಗೆಯೋದಿಲ್ಲ.

ಮನೆ ಬದಲಾಯಿಸುವ ಖರ್ಚು ಬಾಡಿಗೆದಾರರಿಗೆ ಗೊತ್ತು. ಹಳೇ ಮನೆಯಲ್ಲಿ ಒಂದೂವರೆ ಲಕ್ಷ ಅಡ್ವಾನ್ಸ್ ಇತ್ತು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ, ನಲ್ಲಿ ಸಿಂಕು ಅಂತ ಇನ್ನೊಂದಿಷ್ಟು, ಒಟ್ಟು 25 ಸಾವಿರ ಹಿಡಿದುಕೊಂಡರು. ನಾವು ಬಂದಾಗಲೇ ಗೋಡೆ ಉಬ್ಬಿತ್ತು ಅಂದರೆ ಪುರಾವೆ ಎಲ್ಲಿದೆ ಅಂದರು. ಈಗಿನ ಮನೆಗೆ ಬಂದ ದಿನ, ಹಾಲು ಉಕ್ಕಿಸುವ ಮುಂಚೆಯೇ, ಪ್ರತಿ ಗೋಡೆ, ನಲ್ಲಿ, ಕಿಟಕಿ ಚಿಲಕ ವಿಡಿಯೋ ಮಾಡಿ ಓನರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಪೇಂಟಿಂಗಿಗೆ ಎಷ್ಟು ಅಂತ ಕರಾರು ಪತ್ರದಲ್ಲೇ ಅಂಕಿ ಬರೆಸಿದೆ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರಿಸುವಾಗ 5% ದಾಟದಂತೆ ಮಾತಾಡೋಕೆ ನನ್ನದೊಂದು ಉಪಾಯ ಇದೆ. ಓನರ್ ಕೂಡ ಇದನ್ನು ಓದಬಹುದು, ಹಾಗಾಗಿ ಅದು ನನ್ನ ಹತ್ತಿರವೇ ಇರಲಿ.

ಈ ನಡುವೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಸಾವಿರದೈನೂರರ ಮೇಲೆ ಹೋಗುತ್ತೆ. ಅದಕ್ಕೇ ರೀಡಿಂಗ್ ಬರುವ ವಾರಕ್ಕೆ ಮುಂಚೆ ಮೀಟರ್ ನೋಡುವ ಕೆಲಸ ಮಗಳದ್ದು. 185 ಕಂಡರೆ ಇಸ್ತ್ರಿಪೆಟ್ಟಿಗೆಗೆ ರಜೆ. ಅಕ್ಕಿಯದ್ದು ಇನ್ನೊಂದು ಕಥೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕೆಟ್ ಅಕ್ಕಿಗೆ 5% ಜಿಎಸ್‌ಟಿ ಹಾಕಿದರು, ಮಿಲ್‌ನವರು 26 ಕೆಜಿ ಚೀಲ ತಂದರು. ಈಗ ಪಕ್ಕದ ಮನೆಯವರೂ ನಾವೂ ಯಶವಂತಪುರದಿಂದ ಎರಡು ಚೀಲ ಒಟ್ಟಿಗೆ ತರಿಸುತ್ತೇವೆ. ಉಳಿಯೋದು ಕೆಜಿಗೆ ನಾಲ್ಕೈದು ರೂಪಾಯಿ ಅಷ್ಟೇ, ಆದರೆ ಒಂದೇ ಮಿಲ್ಲಿನ ಹಳೇ ಅಕ್ಕಿ ಸಿಗುತ್ತೆ, ಅನ್ನ ಚೆನ್ನಾಗಿ ಆಗುತ್ತೆ.

ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದಲೇಬೇಕು. 2025ರ ಸೆಪ್ಟೆಂಬರ್ 22ರಿಂದ ನಾವೇ ಮಾಡಿಸುವ ಆರೋಗ್ಯ ವಿಮೆಯ ಮೇಲಿನ 18% ಜಿಎಸ್‌ಟಿ ತೆಗೆದರು. ಖುಷಿಯಿಂದ ಆ ಸಾಲು ಕಡಿಮೆ ಮಾಡಲು ಹೋದೆ. ಅದೇ ವರ್ಷ ನಮ್ಮ ಮನೆಯವರ ವಯಸ್ಸು ಮುಂದಿನ ಸ್ಲ್ಯಾಬಿಗೆ ಹೋಗಿ ಪ್ರೀಮಿಯಂ ಹೆಚ್ಚುಕಮ್ಮಿ ಅಲ್ಲಿಗೇ ಬಂತು. ಊರಿಂದ ತೆಂಗಿನಕಾಯಿ ಬರೋದರಿಂದ ಕಳೆದ ವರ್ಷ ಕಾಯಿ ಬೆಲೆ ಏರಿದ್ದು ನಮ್ಮ ಹಬ್ಬದ ಲೆಕ್ಕಕ್ಕೆ ತಾಗಲಿಲ್ಲ. ಹೂವಿನದ್ದು ತಾಗುತ್ತೆ. ವರಮಹಾಲಕ್ಷ್ಮಿ ವಾರದಲ್ಲಿ ಕನಕಾಂಬರ ಕೊಳ್ಳುವವರಿಗೆ ಹೇಳಬೇಕಾಗಿಲ್ಲ.

ಈ ಜುಲೈಯಿಂದ ತಿಂಗಳಿಗೆ 22 ಸಾವಿರ ಪಕ್ಕಕ್ಕೆ ಹೋಗುತ್ತಿದೆ. ಜಾಸ್ತಿಯಾದ ಎರಡು ಸಾವಿರ ಮಗಳ ಹಲ್ಲಿನ ಕ್ಲಿಪ್ಪಿಗೆ. ಡಾಕ್ಟರು 45 ಸಾವಿರ ಹೇಳಿದ್ದಾರೆ, ಕಂತಿನಲ್ಲಿ ಕೊಡಬಹುದಂತೆ. ದವಡೆ ಇನ್ನೂ ಬೆಳೆಯಬೇಕು, ಒಂದು ವರ್ಷ ಬಿಟ್ಟು ಹಾಕೋಣ ಅಂದರು. ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಸೇರಿರುತ್ತೆ.