ಸೇಂಟ್ ಜಾನ್ ದ್ವೀಪದ ಕಡಲತೀರಕ್ಕೆ ಒಂದು ದಿನ: ಮಾಸ್ಕ್ ಕಲಿಯದೆ ನೀರಿಗಿಳಿಯಬೇಡಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆತಾಯಿಯರನ್ನು ಫ್ಲಾರಿಡಾದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಕೆರಿಬಿಯನ್ ಸಮುದ್ರಕ್ಕೆ ಕರೆದೊಯ್ಯುವುದು ಈಗ ನಮ್ಮವರಲ್ಲಿಯೂ ರೂಢಿಗೆ ಬಂದಿದೆ. ಈ ಹಡಗುಗಳಲ್ಲಿ ಹಲವು ಸೇಂಟ್ ಥಾಮಸ್ ದ್ವೀಪದಲ್ಲಿ ಒಂದು ಹಗಲು ತಂಗುತ್ತವೆ. ಅಲ್ಲಿಂದ ಪಕ್ಕದ ಸೇಂಟ್ ಜಾನ್ ದ್ವೀಪಕ್ಕೆ ಗೈಡ್ ಜೊತೆ ಹೋಗಿ, ಎರಡು ಕಡಲತೀರಗಳನ್ನು ನೋಡಿ, ನೀರಿನೊಳಗೆ ಮುಖವಿಟ್ಟು ಮೀನು ಮತ್ತು ಆಮೆಗಳನ್ನು ಕಂಡು ಸಂಜೆಗೆ ಮರಳುವ ಪ್ರವಾಸವನ್ನು ನಾನು ಮೂರು ಬಾರಿ ಮಾಡಿದ್ದೇನೆ. ನೂರಾರು ಡಾಲರ್ ಕೊಟ್ಟು ಬಂದವರು ಹತ್ತೇ ನಿಮಿಷದಲ್ಲಿ ಕಣ್ಣುಜ್ಜಿಕೊಳ್ಳುತ್ತ ನೀರಿನಿಂದೆದ್ದು, ಮರದ ನೆರಳಿನಲ್ಲಿ ಚಿಪ್ಸ್ ತಿನ್ನುತ್ತ ದಿನ ಕಳೆದುದನ್ನು ಮೂರು ಬಾರಿಯೂ ಕಂಡಿದ್ದೇನೆ. ಅವರಿಗೆ ಈಜು ಬಾರದಿದ್ದುದು ಇದಕ್ಕೆ ಕಾರಣವಲ್ಲ, ನೀರಿನೊಳಗೆ ನೋಡಲು ಕಣ್ಣು ಮೂಗನ್ನು ಮುಚ್ಚುವ ಗಾಜಿನ ಮಾಸ್ಕ್ ಹಾಕಿಕೊಳ್ಳುವುದನ್ನು ಯಾರೂ ಹೇಳಿಕೊಡದಿದ್ದುದು ಕಾರಣ. ಆದ್ದರಿಂದ ಈ ಲೇಖನದಲ್ಲಿ ಆ ಭಾಗವೇ ದೊಡ್ಡದಾಗಿದೆ.

ಯಾವ ಪ್ರವಾಸವನ್ನು ಆರಿಸಬೇಕು

ಸೇಂಟ್ ಜಾನ್, ಸೇಂಟ್ ಥಾಮಸ್ ಮತ್ತು ಸೇಂಟ್ ಕ್ರಾಯ್ ದ್ವೀಪಗಳನ್ನು ಅಮೆರಿಕ 1917ರಲ್ಲಿ ಡೆನ್ಮಾರ್ಕ್‌ನಿಂದ 25 ದಶಲಕ್ಷ ಡಾಲರಿಗೆ ಕೊಂಡಿತು. ಹಾಗಾಗಿ ಅಮೆರಿಕದ ವರ್ಜಿನ್ ದ್ವೀಪಗಳೆಂದು ಕರೆಯುವ ಇವು ಅಮೆರಿಕದ ಆಡಳಿತಕ್ಕೆ ಸೇರಿವೆ. ಆದರೆ ಇದೇ ಹೆಸರನ್ನು ಹೋಲುವ ಬ್ರಿಟಿಷ್ ವರ್ಜಿನ್ ದ್ವೀಪಗಳು ಕಣ್ಣಳತೆಯ ದೂರದಲ್ಲಿಯೇ ಇದ್ದು, ಅಲ್ಲಿಯ ವಲಸೆ ಇಲಾಖೆಯೇ ಬೇರೆ. ದೋಣಿ ಕಾಯ್ದಿರಿಸುವಾಗ ಅದು ಅಲ್ಲಿಯ ಯೋಸ್ಟ್ ವಾನ್ ಡೈಕ್ ಅಥವಾ ವರ್ಜಿನ್ ಗೋರ್ಡಾಕ್ಕೆ ಹೋಗುತ್ತದೆಯೇ ಎಂದು ಕೇಳಿಕೊಳ್ಳಿ. ಹೋಗುವುದಾದರೆ ನೀವು ಮತ್ತೊಂದು ಗಡಿಯನ್ನು ದಾಟುತ್ತಿದ್ದೀರಿ.

ಉಳಿದ ಪ್ರವಾಸಗಳಲ್ಲಿ ಎರಡು ಬಗೆ. ಮೊದಲನೆಯದು ಕಟಮರಾನ್ ಎಂಬ, ಎರಡು ಒಡಲುಗಳ ದೊಡ್ಡ ದೋಣಿ. ಅದರಲ್ಲಿ ಹತ್ತಾರು ಜನ, ಜೋರು ಸಂಗೀತ ಮತ್ತು ಧಾರಾಳವಾದ ರಮ್ ಇರುತ್ತವೆ, ಮತ್ತು ದೋಣಿಯಿಂದ ನೇರವಾಗಿ ನೆಲ ಸಿಗದ ನೀರಿಗೆ ಇಳಿಯಬೇಕಾಗುತ್ತದೆ. ಎರಡನೆಯದು ಫೆರ್ರಿಯಲ್ಲಿ ದ್ವೀಪಕ್ಕೆ ದಾಟಿಸಿ, ಅಲ್ಲಿಂದ ಬೆಂಚು ಜೋಡಿಸಿದ ತೆರೆದ ಸಫಾರಿ ಟ್ಯಾಕ್ಸಿಯಲ್ಲಿ ತೀರದಿಂದ ತೀರಕ್ಕೆ ಕರೆದೊಯ್ಯುವ ಪ್ರವಾಸ. ಮೊದಲ ಸಲದವರು, ಅರವತ್ತು ದಾಟಿದವರು ಮತ್ತು ಮಕ್ಕಳಿರುವವರು ಎರಡನೆಯದನ್ನೇ ಆರಿಸಬೇಕು. ಮರಳಿನ ಮೇಲೆ ನಿಂತು, ಮೊಣಕಾಲುದ್ದದ ನೀರಿನಿಂದ ಆರಂಭಿಸುವ ಅವಕಾಶ ಅದರಲ್ಲಿ ಮಾತ್ರ ಇದೆ. ಹೃದಯದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳದೆ ಎರಡಕ್ಕೂ ಹಣ ಕಟ್ಟಬಾರದು.

ಗಡಿಯಾರದ ಲೆಕ್ಕ

ದ್ವೀಪದಲ್ಲಿ ವರ್ಷವಿಡೀ ಒಂದೇ ಕಾಲಮಾನವಿದೆ. ಬೇಸಿಗೆಯಲ್ಲಿ ಮಿಯಾಮಿಯ ಗಡಿಯಾರವೂ ದ್ವೀಪದ ಗಡಿಯಾರವೂ ಒಂದೇ ಸಮಯವನ್ನು ತೋರಿಸುತ್ತವೆ; ಚಳಿಗಾಲದಲ್ಲಿ ಮಿಯಾಮಿ ಒಂದು ಗಂಟೆ ಹಿಂದೆ ಬೀಳುತ್ತದೆ. ಕ್ರೂಸ್‌ಗೆ ಹೆಚ್ಚು ಜನ ಹೋಗುವುದು ಚಳಿಗಾಲದಲ್ಲಿಯೇ. ಹಡಗು ಮಿಯಾಮಿಯ ಸಮಯವನ್ನೇ ಇಟ್ಟುಕೊಂಡಿದ್ದರೆ, ನೀವು ಎಂಟು ಗಂಟೆಗೆ ಸರಿಯಾಗಿ ಬಂದೆವೆಂದು ಧಕ್ಕೆಗೆ ಇಳಿಯುವ ಹೊತ್ತಿಗೆ ಗೈಡ್‌ನ ಗಡಿಯಾರದಲ್ಲಿ ಒಂಬತ್ತಾಗಿ, ಅವರು ಹೊರಟುಹೋಗಿರುತ್ತಾರೆ. ಹಡಗು ದ್ವೀಪದ ಸಮಯಕ್ಕೆ ಬದಲಾಗಿ ನಿಮ್ಮ ಕೈಗಡಿಯಾರ ಮಾತ್ರ ಮಿಯಾಮಿಯದ್ದಾಗಿಯೇ ಉಳಿದರೆ, ಸಂಜೆ ಹೊರಟುಹೋಗಿರುವುದು ಹಡಗು. ಹಿಂದಿನ ರಾತ್ರಿ ಹಡಗಿನವರನ್ನು ಕೇಳಿ, ಎರಡೂ ಸಮಯಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಹಡಗಿನವರ ಮೂಲಕವೇ ಪ್ರವಾಸ ಕೊಂಡವರು ತಡವಾದರೆ ಹಡಗು ಕಾಯುತ್ತದೆ, ಹೊರಗಿನ ಗೈಡ್ ಹಿಡಿದವರಿಗೆ ಆ ಭರವಸೆ ಇಲ್ಲ. ಹೊರಗಿನವರು ಅಗ್ಗ ಮತ್ತು ಬಹುಪಾಲು ಉತ್ತಮ. ಆದ್ದರಿಂದ ನಾನು ಅವರನ್ನೇ ಹಿಡಿಯುತ್ತೇನೆ, ಆದರೆ ಹಡಗಿನ ಕೊನೆಯ ಕರೆಗೆ ಮೂರು ಗಂಟೆ ಮೊದಲೇ ಕಡಲತೀರವನ್ನು ಬಿಡುತ್ತೇನೆ. ತೀರದಿಂದ ಕ್ರೂಜ್ ಬೇ ಊರಿಗೆ ಕಾಲು ಗಂಟೆ, ಅಲ್ಲಿಂದ ಸೇಂಟ್ ಥಾಮಸ್ ದ್ವೀಪದ ರೆಡ್ ಹುಕ್‌ಗೆ ಫೆರ್ರಿಯಲ್ಲಿ ಇಪ್ಪತ್ತು ನಿಮಿಷ, ಒಂದು ಫೆರ್ರಿ ತಪ್ಪಿದರೆ ಮುಂದಿನದಕ್ಕೆ ಸುಮಾರು ಒಂದು ಗಂಟೆ, ರೆಡ್ ಹುಕ್‌ನಿಂದ ಹಡಗಿನ ಧಕ್ಕೆಗೆ ಬೆಟ್ಟದ ರಸ್ತೆಯಲ್ಲಿ ಅರ್ಧ ಗಂಟೆಗೂ ಮಿಕ್ಕಿ ಹಿಡಿಯುವುದರಿಂದ, ಮೂರು ಗಂಟೆ ಎಂಬುದು ಅತಿಯಾದ ಎಚ್ಚರಿಕೆಯೇನಲ್ಲ.

ಹಚ್ಚಿಕೊಳ್ಳುವುದು, ತೊಡುವುದು

ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಮತ್ತು ಆಕ್ಟೋಕ್ರಿಲೀನ್ ಎಂಬ ಮೂರು ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳನ್ನು ಈ ದ್ವೀಪಗಳಲ್ಲಿ 2020ರಿಂದ ನಿಷೇಧಿಸಲಾಗಿದೆ, ಏಕೆಂದರೆ ಅವು ಹವಳಕ್ಕೆ ಹಾನಿ ಮಾಡುತ್ತವೆ. ಟ್ಯೂಬಿನ ಮುಂಭಾಗದಲ್ಲಿ ಹವಳಕ್ಕೆ ಹಾನಿಯಿಲ್ಲವೆಂದು ಆಮೆಯ ಚಿತ್ರದೊಂದಿಗೆ ಬರೆದಿರುವುದನ್ನು ನಂಬಬೇಡಿ, ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಈ ಮೂರು ಹೆಸರುಗಳು ಇಲ್ಲವೆಂದು ಓದಿ ನೋಡಿ. ಜಿಂಕ್ ಆಕ್ಸೈಡ್ ಇರುವುದು ಮುಖಕ್ಕೆ ಸುಣ್ಣ ಬಳಿದಂತೆ ಕಾಣುತ್ತದೆ, ಆದರೂ ಅದೇ ಸರಿ. ಅದಕ್ಕಿಂತಲೂ ಉತ್ತಮವಾದುದು ಉದ್ದ ತೋಳಿನ ಈಜು ಅಂಗಿ. ನೀರಿನಲ್ಲಿ ಬೋರಲಾಗಿ ತೇಲುವಾಗ ಸುಡುವುದು ಕುತ್ತಿಗೆಯ ಹಿಂಭಾಗ ಮತ್ತು ಮೀನಖಂಡ. ಆ ಎರಡನ್ನೂ ಜನ ಮರೆಯುತ್ತಾರೆ. ಹತ್ತಿಯ ಟೀ ಶರ್ಟ್ ಮತ್ತು ಚೂಡಿದಾರ್ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುವುದರಿಂದ ಅವುಗಳಲ್ಲಿ ನೀರಿಗೆ ಇಳಿಯಲೇಬಾರದು.

ಮೊದಲು ಮಾಹೋ ಬೇ, ಆಮೇಲೆ ಟ್ರಂಕ್ ಬೇ

ಅಮೆರಿಕದ ಸಿರಿವಂತ ಲಾರೆನ್ಸ್ ರಾಕ್‌ಫೆಲರ್ ಕೊಟ್ಟ ಭೂಮಿಯಿಂದ 1956ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗ ಅದರೊಳಗಿದೆ. ಉತ್ತರದ ತೀರಗಳಲ್ಲಿ ಹೋಟೆಲುಗಳ ಸಾಲು ಕಾಣದಿರುವುದು ಇದರಿಂದಲೇ. ಬಹುತೇಕ ಗೈಡ್‌ಗಳು ಮೊದಲು ಟ್ರಂಕ್ ಬೇಗೆ ಕರೆದೊಯ್ಯುತ್ತಾರೆ. ಅದು ಪೋಸ್ಟ್‌ಕಾರ್ಡ್‌ಗಳಲ್ಲಿ ಕಾಣುವ ತೀರ, ವಯಸ್ಕರಿಗೆ 5 ಡಾಲರ್ ಶುಲ್ಕವಿದೆ, ಮತ್ತು ಹವಳದ ನಡುವೆ ಫಲಕಗಳನ್ನು ನೆಟ್ಟ ಸುಮಾರು ಇನ್ನೂರು ಮೀಟರ್ ಉದ್ದದ ನೀರೊಳಗಿನ ಹಾದಿಯೂ ಇದೆ. ಆದರೆ ಕಲಿಯುವ ಜಾಗ ಅದಲ್ಲ. ಸ್ವಲ್ಪ ಮುಂದಿರುವ ಮಾಹೋ ಬೇಯಲ್ಲಿ ನೀರು ಶಾಂತವಾಗಿ, ತಳ ಬಹುದೂರದವರೆಗೆ ಮರಳಿನಿಂದ ಕೂಡಿ, ಅದರಾಚೆ ಹಸಿರು ಕಡಲಾಮೆಗಳು ಮೇಯುವ ಕಡಲಹುಲ್ಲಿನ ಬಯಲು ಇದೆ. ಮೊದಲು ಅಲ್ಲಿಗೆ ಹೋಗೋಣವೆಂದು ಗೈಡ್‌ಗೆ ಬೆಳಿಗ್ಗೆಯೇ ಹೇಳಿ. ಹೇಳುವ ಮೊದಲು ಗುಡ್ ಮಾರ್ನಿಂಗ್ ಎನ್ನುವುದನ್ನು ಮರೆಯಬೇಡಿ. ಈ ದ್ವೀಪಗಳಲ್ಲಿ ವಂದಿಸದೆ ಮಾತಿಗೆ ತೊಡಗುವುದನ್ನು ಒರಟುತನವೆಂದು ಎಣಿಸುತ್ತಾರೆ. ಚಳಿಗಾಲದಲ್ಲಿ ಉತ್ತರದ ಕಡೆಯಿಂದ ದೊಡ್ಡ ಅಲೆಗಳೆದ್ದ ದಿನ ಗೈಡ್ ಬೇರೆ ತೀರಕ್ಕೆ ಕರೆದೊಯ್ದರೆ ವಾದ ಮಾಡಬಾರದು.

ಮಾಸ್ಕ್

ಕೊಟ್ಟ ಮಾಸ್ಕನ್ನು ಹಾಗೆಯೇ ಹಾಕಿಕೊಳ್ಳುವುದು ಮೊದಲ ತಪ್ಪು. ಪಟ್ಟಿಯನ್ನು ಮುಂದಕ್ಕೆ ಮಡಚಿ, ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಒತ್ತಿ, ಮೂಗಿನಿಂದ ಸ್ವಲ್ಪವೇ ಉಸಿರೆಳೆದುಕೊಂಡು ಕೈ ಬಿಡಿ. ಉಸಿರು ಹಿಡಿದಿರುವಷ್ಟು ಹೊತ್ತು ಅದು ಮುಖಕ್ಕೆ ಅಂಟಿಕೊಂಡಿರಬೇಕು. ಬಿದ್ದರೆ ಅದು ನಿಮ್ಮ ಮುಖದ್ದಲ್ಲ, ಬೇರೆಯದನ್ನು ಕೇಳಿ. ಮೂರು ನಾಲ್ಕನ್ನು ಪರೀಕ್ಷಿಸಲು ಸಂಕೋಚ ಪಡಬೇಕಾಗಿಲ್ಲ, ನೀವು ಹಣ ಕೊಟ್ಟಿರುವುದೇ ಇದಕ್ಕೆ.

ಸರಿಯಾದ ಮಾಸ್ಕ್ ಸಿಕ್ಕಿದ ಮೇಲೂ ನೀರು ಬರುತ್ತಿದ್ದರೆ ಸಿಲಿಕೋನ್ ಅಂಚಿನ ಕೆಳಗೆ ಏನೋ ಸಿಕ್ಕಿಕೊಂಡಿದೆಯೆಂದು ತಿಳಿಯಿರಿ. ನಮ್ಮವರಲ್ಲಿ ಅದು ಸಾಮಾನ್ಯವಾಗಿ ಮೀಸೆಯೇ ಆಗಿರುತ್ತದೆ. ಮೀಸೆಯ ಕೂದಲಿನ ಸಂದಿಯಿಂದ ನೀರು ನಿಧಾನವಾಗಿ ಜಿನುಗಿ ಮೂಗಿನ ಬಳಿ ಶೇಖರವಾಗುತ್ತದೆ. ಮೀಸೆಯನ್ನು ಪೂರ್ತಿ ಬೋಳಿಸಬೇಕಾಗಿಲ್ಲ. ಮೂಗಿನ ಕೆಳಗೆ ಒಂದು ಬೆರಳಿನ ಅರ್ಧದಷ್ಟು ಅಗಲದ ಪಟ್ಟಿಯನ್ನು ಹಿಂದಿನ ದಿನ ಕ್ಷೌರ ಮಾಡಿಕೊಂಡರೆ ಸಾಕು. ವ್ಯಾಸಲೀನ್ ಮೆತ್ತಿಕೊಳ್ಳುವ ಉಪಾಯವನ್ನು ಹಲವರು ಹೇಳುತ್ತಾರೆ, ಅದು ಗಾಜಿಗೆ ತಗುಲಿ ಏನೂ ಕಾಣದಂತೆ ಮಾಡುವುದನ್ನು ನಾನು ನೋಡಿದ್ದೇನೆ. ಹೆಂಗಸರು ಹುಬ್ಬಿನ ನಡುವಿನ ಸ್ಟಿಕ್ಕರ್ ಬಿಂದಿಯನ್ನು ತೆಗೆದಿಡಬೇಕು, ಮುಂಗುರುಳನ್ನು ಒಂದೂ ಬಿಡದಂತೆ ಹಿಂದಕ್ಕೆ ಸರಿಸಬೇಕು, ತುರುಬನ್ನು ಕುತ್ತಿಗೆಯ ಬಳಿ ಕೆಳಗೆ ಕಟ್ಟಬೇಕು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದರೆ ಪಟ್ಟಿ ಜಾರುತ್ತಲೇ ಇರುತ್ತದೆ. ಹಣೆಗೆ ಮತ್ತು ಮೇಲ್ದುಟಿಗೆ ಬಳಿದ ಸನ್‌ಸ್ಕ್ರೀನ್ ಕೂಡ ಇದೇ ಕೆಲಸ ಮಾಡಿ, ಜೊತೆಗೆ ಕಣ್ಣನ್ನೂ ಉರಿಸುತ್ತದೆ.

ನೀರು ಬಂದೊಡನೆ ಪಟ್ಟಿಯನ್ನು ಬಿಗಿಯುವುದು ಎರಡನೆಯ ತಪ್ಪು, ಮತ್ತು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಮೆತ್ತನೆಯ ಅಂಚು ಮಡಚಿಕೊಂಡು ಇನ್ನಷ್ಟು ನೀರು ಬರುತ್ತದೆ. ಪಟ್ಟಿ ಕಿವಿಯ ಮೇಲಿನಿಂದ ಹಾದು ತಲೆಯ ಹಿಂಭಾಗದ ಅಗಲವಾದ ಜಾಗದಲ್ಲಿ ಕುಳಿತಿರಬೇಕು, ಅದರ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುವುದು ನೀರಿನ ಭಾರವೇ.

ಕನ್ನಡಕವನ್ನು ಒಳಗೆ ಹಾಕಿಕೊಂಡು ಪ್ರಯತ್ನಿಸಬೇಡಿ. ದೂರದೃಷ್ಟಿ ಮಂದವಾದವರಿಗೆ ಪವರ್ ಇರುವ ಮಾಸ್ಕ್‌ಗಳು ಹಲವೆಡೆ ಸಿಗುತ್ತವೆ. ಕಾಯ್ದಿರಿಸುವಾಗಲೇ ನಿಮ್ಮ ಪವರ್ ತಿಳಿಸಿ ಕೇಳಬೇಕು. ಇಡೀ ಮುಖವನ್ನು ಮುಚ್ಚುವ, ಅಂತರ್ಜಾಲದಲ್ಲಿ ಅಗ್ಗವಾಗಿ ಸಿಗುವ ಮಾಸ್ಕನ್ನು ಮಾತ್ರ ಕೊಳ್ಳಲೇಬೇಡಿ. ಸರಿಯಾಗಿ ರಚಿಸದವುಗಳಲ್ಲಿ ಬಿಟ್ಟ ಉಸಿರು ಪೂರ್ತಿ ಹೊರಹೋಗದೆ ಮತ್ತೆ ಅದನ್ನೇ ಎಳೆದುಕೊಳ್ಳುವಂತಾಗುತ್ತದೆ, ಗಾಬರಿಯಾದಾಗ ಅದನ್ನು ಥಟ್ಟನೆ ಕಿತ್ತೆಸೆಯುವುದೂ ಕಷ್ಟ.

ಗಾಜು ಮಂಜಾಗದಿರಲು ಒಣ ಗಾಜಿನ ಒಳಭಾಗಕ್ಕೆ ಉಗುಳಿ, ಬೆರಳಿನಿಂದ ಉಜ್ಜಿ, ಒಂದೇ ಸಲ ನೀರಿನಲ್ಲಿ ಅದ್ದಿ ಹಾಕಿಕೊಳ್ಳಿ. ಅಸಹ್ಯವೆನಿಸುವವರು ಮಕ್ಕಳ ಶಾಂಪೂವಿನ ಒಂದು ಹನಿಯನ್ನು ಬಳಸಬಹುದು.

ಇನ್ನು ಉಸಿರಾಟ. ನೀರಿನ ಮೇಲಿನ ಗಾಳಿಯನ್ನು ಬಾಯಿಗೆ ತರುವ ಸ್ನಾರ್ಕೆಲ್ ಕೊಳವೆಯ ತುದಿಯಲ್ಲಿರುವ ಎರಡು ಸಣ್ಣ ಉಬ್ಬುಗಳನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿ, ತುಟಿಗಳನ್ನು ಸುತ್ತಲೂ ಮುಚ್ಚಿ, ದಡದ ಮೇಲೆಯೇ ಎರಡು ನಿಮಿಷ ಬಾಯಿಯಿಂದ ಉಸಿರಾಡಿ. ಆಮೇಲೆ ಸೊಂಟದವರೆಗಿನ ನೀರಿನಲ್ಲಿ ನಿಂತು, ಮೊಣಕಾಲಿನ ಮೇಲೆ ಕೈಯೂರಿ, ಮುಖವನ್ನಷ್ಟೇ ಅದ್ದಿ. ಮೊದಲ ಕ್ಷಣದಲ್ಲಿ ದೇಹ ಉಸಿರು ಕಟ್ಟುತ್ತದೆ; ಆಗ ಎಳೆದುಕೊಳ್ಳಲು ಹೋಗದೆ ದೀರ್ಘವಾಗಿ ಹೊರಕ್ಕೆ ಬಿಡಬೇಕು, ಒಳಕ್ಕೆ ತಾನಾಗಿ ಬರುತ್ತದೆ. ಮುಖವೆತ್ತದೆ ಐವತ್ತು ಉಸಿರು ಎಣಿಸುವವರೆಗೆ ಪಾದವನ್ನು ನೆಲದಿಂದ ಎತ್ತಬೇಡಿ. ಕೊಳವೆಗೆ ನೀರು ಬಂದರೆ ಒಲೆಯ ಊದುಗೊಳವೆಯನ್ನು ಊದುವಂತೆ ಒಮ್ಮೆ ಜೋರಾಗಿ ಊದಿ. ಮಾಸ್ಕಿಗೆ ನೀರು ಬಂದರೆ ಅದರ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮುಖವನ್ನು ಸ್ವಲ್ಪ ಮೇಲೆತ್ತಿ, ಮೂಗಿನಿಂದ ಗಾಳಿ ಬಿಟ್ಟರೆ ನೀರು ಕೆಳಗಿನಿಂದ ಹೋಗುತ್ತದೆ. ಈ ಎರಡನ್ನೂ ಮೂರು ಮೂರು ಸಲ ಬೇಕೆಂದೇ ನೀರು ತುಂಬಿಕೊಂಡು ಅಭ್ಯಾಸ ಮಾಡಿದವರು ಅಂದು ಹೆದರಿ ಎದ್ದು ಬಂದುದನ್ನು ನಾನು ಕಂಡಿಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ನೀರಿಗಿಳಿದು ಬಂದವರಿಗೆ ಇದೆಲ್ಲ ತಿಳಿದಿರುತ್ತದೆ.

ಇಷ್ಟಾದ ಮೇಲೆ ತೇಲುವ ಜಾಕೆಟ್ ಹಾಕಿಕೊಂಡು, ಗಾಳಿ ತುಂಬುವ ಬಗೆಯದಾದರೆ ದಡದಲ್ಲಿಯೇ ತುಂಬಿಕೊಂಡು, ಗೈಡ್ ಪಕ್ಕದಲ್ಲಿ ಸಾಗಿ. ಕಾಲಿಗೆ ಫಿನ್, ಅಂದರೆ ಈಜಲು ನೆರವಾಗುವ ರೆಕ್ಕೆಯಂತಹ ಪಾದರಕ್ಷೆ, ಹಾಕಿಕೊಂಡವರು ನೀರಿಗೆ ಹಿಮ್ಮುಖವಾಗಿ ನಡೆಯಬೇಕು.

ಆಮೆ, ಹವಳ, ಮುಂಗುಸಿ

ಆಮೆಯನ್ನು ಅಟ್ಟಿಸಿಕೊಂಡು ಹೋದವರಿಗೆ ಅದರ ಹಿಂಗಾಲು ಮಾತ್ರ ಕಾಣುತ್ತದೆ. ಹುಲ್ಲಿನ ಬಯಲಿನ ಮೇಲೆ ಅಲುಗಾಡದೆ ತೇಲುತ್ತಿದ್ದರೆ ಅದು ಮೇಯುತ್ತ, ಕೆಲವು ನಿಮಿಷಗಳಿಗೊಮ್ಮೆ ಉಸಿರಿಗಾಗಿ ಮೇಲೆ ಬಂದು ಹೋಗುತ್ತದೆ. ಆ ದಾರಿಗೆ ಅಡ್ಡ ನಿಲ್ಲಬಾರದು, ಮುಟ್ಟಲಂತೂ ಬಾರದು, ಅದು ಕಾನೂನಿಗೂ ವಿರುದ್ಧ. ಟ್ರಂಕ್ ಬೇಯಲ್ಲಿ ದಣಿದಾಗ ಹವಳದ ಮೇಲೆ ಕಾಲೂರದೆ ಮರಳಿರುವಲ್ಲಿಗೆ ಬಂದು ನಿಲ್ಲಿ. ಹವಳದ ಸಂದಿಯಲ್ಲಿ ಉದ್ದ ಮುಳ್ಳಿನ ಕಪ್ಪು ಕಡಲ ಅರ್ಚಿನ್‌ಗಳಿರುತ್ತವೆ.

ದಡದಲ್ಲಿ ಬೋರೆಹಣ್ಣಿನಂತಹ ಸಣ್ಣ ಹಸಿರು ಕಾಯಿ ಬಿಡುವ ಮರವೊಂದಿದೆ, ಅದರ ಹೆಸರು ಮ್ಯಾಂಚಿನೀಲ್. ಅದರ ಕಾಯಿ ವಿಷ, ಹಾಲು ತಗುಲಿದರೆ ಬೊಬ್ಬೆಯೇಳುತ್ತದೆ, ಮಳೆಯಲ್ಲಿ ಅದರ ಕೆಳಗೆ ನಿಂತರೂ ಚರ್ಮ ಸುಡುತ್ತದೆ. ಗೈಡ್‌ನನ್ನು ಕೇಳಿ ನೆರಳನ್ನು ಆರಿಸಿಕೊಳ್ಳಿ. ಊಟದ ಚೀಲವನ್ನು ತೆರೆದಿಟ್ಟು ನೀರಿಗೆ ಹೋದರೆ ಮುಂಗುಸಿ ಬಂದು ಬಿಚ್ಚುತ್ತದೆ. ಕಬ್ಬಿನ ತೋಟದ ಇಲಿಗಳನ್ನು ಹಿಡಿಯಲೆಂದು 1872ರಲ್ಲಿ ಕಲ್ಕತ್ತೆಯಿಂದ ಜಮೈಕಾಕ್ಕೆ ಸಾಗಿಸಿದ ಈ ಪ್ರಾಣಿ ಅನಂತರ ಕೆರಿಬಿಯನ್ ದ್ವೀಪಗಳಲ್ಲೆಲ್ಲ ಹರಡಿತು. ಇಲಿ ಹೊರಬರುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು, ಆದ್ದರಿಂದ ತೊಂದರೆಗೊಳಗಾದದ್ದು ಹಕ್ಕಿಯ ಮತ್ತು ಆಮೆಯ ಮೊಟ್ಟೆಗಳು. ಸಸ್ಯಾಹಾರಿಗಳು ಬುತ್ತಿ ಒಯ್ಯುವುದೇ ಮೇಲು. ಊರಿನಲ್ಲಿ ಸಮಯ ಸಿಕ್ಕರೆ ಫಂಜಿ ಕೇಳಿ ನೋಡಿ: ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಸೇರಿಸಿ ತೊಳಸಿದ ಮುದ್ದೆ ಅದು, ಸಾಮಾನ್ಯವಾಗಿ ಮೀನಿನೊಂದಿಗೆ ಬಡಿಸುವುದರಿಂದ ಮೀನು ಬೇಡವೆಂದು ಮೊದಲೇ ಹೇಳಬೇಕು.

ಕ್ರೂಜ್ ಬೇಗೆ ಮರಳುವ ಮೊದಲು ಈಜು ಉಡುಪಿನ ಮೇಲೆ ಒಣ ಬಟ್ಟೆ ಹಾಕಿಕೊಳ್ಳಿ, ಊರಿನೊಳಗೆ ಹಾಗೆಯೇ ತಿರುಗುವುದನ್ನು ಸ್ಥಳೀಯರು ಇಷ್ಟಪಡುವುದಿಲ್ಲ. ಹಡಗಿನಲ್ಲಲ್ಲದೆ ವಿಮಾನದಲ್ಲಿ ಬಂದವರು, ಇದು ಅಮೆರಿಕದ ನೆಲವೇ ಆದರೂ, ಸೇಂಟ್ ಥಾಮಸ್ ವಿಮಾನ ನಿಲ್ದಾಣದಿಂದ ಹೊರಡುವಾಗ ಪಾಸ್‌ಪೋರ್ಟ್ ಮತ್ತು ವೀಸಾ ಅಥವಾ ಗ್ರೀನ್ ಕಾರ್ಡ್ ತೋರಿಸಬೇಕಾಗುತ್ತದೆ. ಅವನ್ನು ಒದ್ದೆ ಬಟ್ಟೆಯ ಚೀಲದಲ್ಲಿಡದೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಕೈಚೀಲದೊಳಗೆ ಇಟ್ಟುಕೊಂಡಿರಿ.