ಗುಡ್ಡದ ಬುಡದ ಊರು ಮಳೆಗಾಲಕ್ಕೆ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಕೊಡಗು, ಮಲೆನಾಡಿನ ಊರುಗಳಿಗೆ ಮಳೆ ಹೊಸದಲ್ಲ. ಅಲ್ಲಿ ಭಯಪಡಬೇಕಾದ್ದು ಮಳೆಗಿಂತ ಜಾಸ್ತಿ, ನೀರು ಕುಡಿದು ನಿಂತ ಗುಡ್ಡಕ್ಕೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಸಾಲಾಗಿ ಕುಸಿದವು. 2019ರ ಆಗಸ್ಟ್‌ನಲ್ಲಿ ತೋರ ಅನ್ನುವ ಊರಿನಲ್ಲಿ ಕುಸಿಯಿತು. 2020ರ ಆಗಸ್ಟ್ 5ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ, ಅರ್ಚಕರ ಮನೆಯಲ್ಲಿದ್ದ 5 ಜನ ಮಣ್ಣಿನಡಿ ಸೇರಿದರು. ಮೂರೂ ಆಗಿದ್ದು ಆಶ್ಲೇಷಾ ಮಳೆಯ ಆಸುಪಾಸಿನಲ್ಲೇ. ಜೂನ್‌ನಿಂದ ಎರಡು ತಿಂಗಳು ನೆನೆದ ಮಣ್ಣಿನ ಮೇಲೆ ಮತ್ತೆ ಮೂರು ದಿನ ಬಿಡದೆ ಸುರಿದರೆ ಆಗುವುದು ಇದೇ.

ಮನೆ ಬಿಟ್ಟು ಹೊರಡುವ ತೀರ್ಮಾನವನ್ನು ಮಳೆ ಸುರಿಯುವ ರಾತ್ರಿ ಮಾಡಬಾರದು. ಕರೆಂಟ್ ಇರಲ್ಲ, ಫೋನ್ ಸಿಗಲ್ಲ, ಅಜ್ಜಿ ಏಳಲ್ಲ, ಕೊಟ್ಟಿಗೆಯಲ್ಲಿ ದನ ಕೂಗುತ್ತಿರುತ್ತವೆ. ಅಂಥ ಹೊತ್ತಲ್ಲಿ ಯಾರಿಗಾದರೂ 'ಬೆಳಗ್ಗೆ ನೋಡೋಣ' ಅನ್ನಿಸುವುದು ಸಹಜ. ಆದ್ದರಿಂದ ತೀರ್ಮಾನ ಬೇಸಿಗೆಯಲ್ಲೇ ಆಗಿರಬೇಕು, ಬರೆದಿಟ್ಟಿರಬೇಕು. ನಲವತ್ತು ಐವತ್ತು ಮನೆಯ ಊರು ಇದನ್ನು ಏಪ್ರಿಲ್, ಮೇ ತಿಂಗಳಲ್ಲಿ ಆರಾಮಾಗಿ ಮಾಡಿ ಮುಗಿಸಬಹುದು. ಹೇಗೆ ಅಂತ ನೋಡೋಣ.

ಮೊದಲು ಊರು ಸುತ್ತಿ

ಒಂದು ಭಾನುವಾರ ಏಳೆಂಟು ಜನ ಸೇರಿ. ಅದರಲ್ಲಿ ಇಬ್ಬರಾದರೂ ಎಪ್ಪತ್ತು ದಾಟಿದವರಿರಲಿ, ಒಬ್ಬರು ಆಶಾ ಕಾರ್ಯಕರ್ತೆ ಇರಲಿ, ತೋಟದಲ್ಲಿ ದಿನಾ ಓಡಾಡುವ ಒಬ್ಬ ಕೆಲಸಗಾರ ಇರಲಿ. ಹಿರಿಯರಿಗೆ ಹಳೆಯ ಕುಸಿತದ ಜಾಗ ಗೊತ್ತಿರುತ್ತದೆ. ಒಮ್ಮೆ ಜಾರಿದ ಗುಡ್ಡ ಮತ್ತೆ ಅಲ್ಲೇ ಜಾರುವುದು ಜಾಸ್ತಿ.

ನೋಡಬೇಕಾದ ಮೊದಲ ಜಾಗ ಮನೆ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಗೋಡೆಯ ಹಾಗೆ ಉಳಿಯುವ ಮಣ್ಣು. ಮನೆ ಕಟ್ಟಲು, ರಸ್ತೆ ಮಾಡಲು, ಹೋಂಸ್ಟೇಗೆ ಸಮತಟ್ಟು ಮಾಡಲು ಗುಡ್ಡ ಕಡಿದರೆ ಮೇಲಿನ ಮಣ್ಣಿಗೆ ಇದ್ದ ಆಸರೆ ಹೋಗುತ್ತದೆ. ನಮ್ಮ ಕಡೆ ಗಟ್ಟಿ ಬಂಡೆಯ ಮೇಲೆ ಮೀಟರ್‌ಗಟ್ಟಲೆ ಮೆತ್ತನೆ ಮಣ್ಣು ಕೂತಿರುತ್ತದೆ. ನೀರು ಮಣ್ಣಿನೊಳಗಿಳಿದು ಬಂಡೆ ತಲುಪಿ ಅಲ್ಲಿ ನಿಲ್ಲುತ್ತದೆ. ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಕೊನೆಗೆ ಗಿಡ, ಮರ, ತೋಟ ಎಲ್ಲ ಸಮೇತ ಜಾರುತ್ತದೆ. ಮರ ಇದ್ದರೆ ಗುಡ್ಡ ಬೀಳಲ್ಲ ಅನ್ನುವ ಮಾತು ಅರ್ಧ ಸತ್ಯ ಮಾತ್ರ. ಬೇರು ಎರಡು ಮೂರು ಮೀಟರ್ ಹಿಡಿಯುತ್ತದೆ. ಜಾರುವ ಪದರ ಅದಕ್ಕಿಂತ ಕೆಳಗಿದ್ದರೆ ಮರವೇ ಭಾರ.

ಧರೆಯ ಮೇಲ್ತುದಿಗೆ ಹತ್ತಿ ನೋಡಿ. ಕೆಳಗಿನಿಂದ ನೋಡಿದರೆ ಸಾಲದು. ಅಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು ಇದ್ದರೆ ಅದು ಅಪಾಯದ ಗುರುತು. ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡಿ. ಮಳೆಗಾಲದಲ್ಲಿ ಬಿಡುವು ಸಿಕ್ಕಾಗ ಮತ್ತೆ ಅಳೆಯಿರಿ. ಹೆಚ್ಚಾಗಿದ್ದರೆ ಗುಡ್ಡ ಹೊರಟಿದೆ ಅಂತಲೇ ಅರ್ಥ. ಬಿರುಕಿಗೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲು ಹೊದಿಸಿ, ನೀರು ಒಳಗಿಳಿಯದಂತೆ ಮಾಡಿ. ಇದು ತಾತ್ಕಾಲಿಕ ಅಷ್ಟೇ.

ಆಮೇಲೆ ನೀರಿನ ದಾರಿ ನೋಡಿ. ಹಳ್ಳ ಎಲ್ಲಿ ತಿರುಗುತ್ತದೆ, ಮೋರಿ ಎಲ್ಲಿ ಕಟ್ಟಿಕೊಂಡಿದೆ, ಹಳೆಯ ತೋಡನ್ನು ಯಾರಾದರೂ ಮುಚ್ಚಿ ಗಿಡ ಹಾಕಿದ್ದಾರಾ? ಮನೆಯ ಮಾಡಿನ (ಛಾವಣಿಯ) ನೀರು ಎಲ್ಲಿಗೆ ಬೀಳುತ್ತದೆ ಅಂತಲೂ ನೋಡಿ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್‌ಗೆ 1 ಲೀಟರ್ ನೀರು. ಸಾವಿರ ಚದರಡಿ ಮಾಡಿನ ಮೇಲೆ ಒಂದೇ ದಿನ 200 ಮಿಲಿಮೀಟರ್ ಬಿದ್ದರೆ ಸುಮಾರು 18,600 ಲೀಟರ್ ಆಯಿತು. ಅಷ್ಟೂ ನೀರು ಹಿಂದಿನ ಧರೆಯ ಬುಡಕ್ಕೋ, ಕೆಳಮನೆಯವರ ಧರೆಯ ತಲೆಗೋ ಬೀಳುತ್ತಿದ್ದರೆ ಪೈಪು ಹಾಕಿ ಹಳ್ಳಕ್ಕೆ ಮುಟ್ಟಿಸಿ. ಇಡೀ ಪಟ್ಟಿಯಲ್ಲಿ ಖರ್ಚು ಕಡಿಮೆ, ಲಾಭ ಜಾಸ್ತಿ ಇರುವ ಕೆಲಸ ಇದೇ ಅಂತ ನನ್ನ ಅನಿಸಿಕೆ. ಮಳೆನೀರನ್ನು ನೆಲದೊಳಗೆ ಇಳಿಸುವ ಇಂಗುಗುಂಡಿಯ ವಿಷಯದಲ್ಲೂ ಎಚ್ಚರ ಬೇಕು. ಬಯಲಲ್ಲಿ ಅದು ಒಳ್ಳೆಯದು. ಕಡಿದಾದ ಗುಡ್ಡದ ಮೇಲೆ ಮಾತ್ರ ಬೇಡ.

ಎದುರು ದಡವನ್ನೂ ಮರೆಯಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿದ್ದಾಗ, ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು.

ನಕ್ಷೆ ಬರೆಯಿರಿ, ಮನೆ ಮನೆ ಹೆಸರು ಹಾಕಿ

ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಸಾಕು. ಗುಡ್ಡ, ಹಳ್ಳ, ರಸ್ತೆ, ಮನೆ ಎಲ್ಲ ಬರೆದು, ಅಪಾಯದ ಮನೆಗಳಿಗೆ ಕೆಂಪು ಬಣ್ಣ ಹಚ್ಚಿ. ಪ್ರತಿ ಮನೆಯಲ್ಲಿ ಯಾರಿದ್ದಾರೆ ಅಂತ ಬೇರೆ ಹಾಳೆಯಲ್ಲಿ ಪಟ್ಟಿ ಬರೆಯಿರಿ: ನಡೆಯಲಾಗದವರು, ಬಸುರಿ, ಹಸುಗೂಸು, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ಬೇಕಾದವರು. ಈ ಪಟ್ಟಿ ಊರಿನೊಳಗೇ ಇರಲಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಲೈನ್ ಮನೆಗಳನ್ನು, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳನ್ನು, ಬಿಟ್ಟರೆ ನಕ್ಷೆ ಪೂರ್ತಿಯಾಗಲ್ಲ. ಕಾಫಿ ತೋಟದ ಲೈನ್ ಮನೆಗಳು ಎಷ್ಟೋ ಕಡೆ ಹಳ್ಳದ ಪಕ್ಕ, ಗುಡ್ಡದ ಬುಡದಲ್ಲೇ ಇರುತ್ತವೆ. ಈಗ ಅಲ್ಲಿ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಇವೆ. ಅವರ ಹೆಸರು ಊರಿನ ಯಾವ ಪಟ್ಟಿಯಲ್ಲೂ ಇರಲ್ಲ, ಕನ್ನಡದ ಎಚ್ಚರಿಕೆ ಅರ್ಥವಾಗಲ್ಲ. ಅವರಲ್ಲೇ ಒಬ್ಬರ ಫೋನ್ ನಂಬರ್ ತಗೊಳ್ಳಿ. ಹಿಂದಿಯಲ್ಲಿ ಮಾತಾಡಬಲ್ಲ ಒಬ್ಬರನ್ನು ಅವರಿಗೆ ಹೇಳುವ ಹೊಣೆಗೆ ಹಚ್ಚಿ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ಗೆ, ಮಾಲೀಕರಿಗೆ ಇದು ಮೇ ತಿಂಗಳಲ್ಲೇ ತಿಳಿದಿರಲಿ.

ಊರಿಗೊಂದು ಮಳೆಮಾಪಕ

ಕಾಫಿ ಬೆಳೆಗಾರರಲ್ಲಿ ದಿನಾ ಮಳೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವ ರೂಢಿ ಹಳೆಯದು. 100 ಸೆಂಟ್‌ಗೆ ಒಂದು ಇಂಚು. ಈ ಪುಸ್ತಕಗಳು ಊರಿನ ಆಸ್ತಿ. ಬೆಳೆಗಾರರು ದಿನದ ಲೆಕ್ಕವನ್ನು ಊರಿಗೆ ಹೇಳುವಂತಾದರೆ ಅರ್ಧ ಕೆಲಸ ಮುಗಿಯಿತು.

ಅಳತೆ ಯಾಕೆ ಬೇಕು ಅನ್ನುವುದಕ್ಕೆ ಪಕ್ಕದ ಕೇರಳದ ವಯನಾಡು ನೋಡಿ. ಅಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಜಿಲ್ಲೆಯಲ್ಲೆಲ್ಲ ಇನ್ನೂರರಷ್ಟು ಮಳೆಮಾಪಕಗಳ ಲೆಕ್ಕ ದಿನಾ ತರಿಸಿಕೊಳ್ಳುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗುವ ಸುಮಾರು 16 ಗಂಟೆ ಮೊದಲೇ ಆ ಲೆಕ್ಕ ನೋಡಿ ಅವರು ಎಚ್ಚರಿಕೆ ಕೊಟ್ಟಿದ್ದರು. ಆದರೂ 250ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಅಳತೆ ಇತ್ತು, ಎಚ್ಚರಿಕೆಯೂ ಇತ್ತು. ಅದು ಮನೆ ಬಾಗಿಲಿಗೆ ಮುಟ್ಟಿ ಜನ ಹೊರಡಬೇಕಿತ್ತು. ಆ ಕೊನೆಯ ಕೆಲಸ ಊರಿನವರದ್ದೇ.

ಮಾಪಕ ಮನೆಯಲ್ಲೇ ಮಾಡಬಹುದು. ನೆಟ್ಟಗಿನ ಗೋಡೆಯ 2 ಲೀಟರ್ ಬಾಟಲಿ ತಗೊಂಡು, ಮೇಲಿನ ಸಪೂರ ಭಾಗ ಕತ್ತರಿಸಿ. ಕತ್ತರಿಸಿದ ತುಂಡನ್ನು ತಲೆಕೆಳಗಾಗಿ ಬಾಟಲಿಯೊಳಗೆ ಇಟ್ಟರೆ ಅದೇ ಆಲಿಕೆ. ತಳ ಉಬ್ಬುತಗ್ಗಾಗಿರುತ್ತದಲ್ಲ, ಅಲ್ಲಿ ಬೆಣಚುಕಲ್ಲು ಹಾಕಿ, ಗೋಡೆ ನೆಟ್ಟಗಾಗುವವರೆಗೆ ನೀರು ತುಂಬಿ ಗೆರೆ ಎಳೆಯಿರಿ. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ, ಮಾಡಿನ ಮರೆಯಿಲ್ಲದ ಬಯಲಲ್ಲಿ ಕಂಬಕ್ಕೆ ಕಟ್ಟಿ. ದಿನಾ ಬೆಳಗ್ಗೆ 8.30ಕ್ಕೆ ನೋಡಿ, ಬರೆದು, ಮತ್ತೆ ಸೊನ್ನೆಗೆ ತನ್ನಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುವುದು. ಜೋರು ಮಳೆಯ ದಿನ ಮಧ್ಯಾಹ್ನವೂ ನೋಡಿ.

ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಇಂಚಿನಲ್ಲಿ ನೆನಪಿಡಲು ಸುಲಭ: ಎರಡೂವರೆ, ನಾಲ್ಕೂವರೆ, ಎಂಟು.

ಹೊರಡುವುದು ಯಾವಾಗ ಅಂತ ಬರೆದಿಡಿ

ಜಿಲ್ಲೆಗೆ ಬರುವ ಹಳದಿ ಎಚ್ಚರಿಕೆ ಅಂದರೆ ಗಮನವಿರಲಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೂಡಲೇ ಕೆಲಸಕ್ಕಿಳಿಯಿರಿ. ಆದರೆ ಇದು ಇಡೀ ಜಿಲ್ಲೆಗೆ ಹೇಳುವ ಮಾತು. ನಿಮ್ಮ ಗುಡ್ಡದ ಮೇಲೆ ಬಿದ್ದದ್ದೆಷ್ಟು ಅಂತ ಹೇಳುವುದು ನಿಮ್ಮ ಮಾಪಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಆ ಲೆಕ್ಕವನ್ನೂ ಜೊತೆಗಿಟ್ಟು ನೋಡಿ.

ಹೊರಡುವ ಗೆರೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಗ್ರಾಮ ಆಡಳಿತ ಅಧಿಕಾರಿ ಇಬ್ಬರನ್ನೂ ಕೂರಿಸಿಕೊಂಡು ಊರೇ ಎಳೆಯಲಿ. ನಾನು ಹೇಳುವುದಾದರೆ ಹೀಗೆ. ಕೆಂಪು ಎಚ್ಚರಿಕೆ ಬಂದರೆ ಕೆಂಪು ಬಣ್ಣದ ಮನೆಯವರು ಹೊರಡಬೇಕು. ಜುಲೈ ಮಧ್ಯದ ನಂತರ ಎರಡು ದಿನ ಸತತ ನಾಲ್ಕೂವರೆ ಇಂಚು ದಾಟಿದರೂ ಹೊರಡಬೇಕು. ಒಂದೇ ದಿನ ಎಂಟು ಇಂಚಾದರೆ ಮಾತೇ ಬೇಡ. ಹೊರಡುವುದು ಸಂಜೆ 4ರೊಳಗೆ, ಬೆಳಕಿರುವಾಗ. ಮೂರು ಸಲ ಹೊರಟು ಏನೂ ಆಗದೆ ವಾಪಸ್ ಬಂದರೂ ಅದು ದಂಡವಲ್ಲ.

ಕೆಲವು ಗುರುತು ಕಂಡರೆ ಯಾವ ಲೆಕ್ಕವನ್ನೂ ಕಾಯಬಾರದು. ನಿನ್ನೆ ಇಲ್ಲದ ಕಡೆ ಇವತ್ತು ಒರತೆ ಎದ್ದಿದೆ. ಒರತೆಯ ತಿಳಿನೀರು ಕೆಂಪಾಗಿದೆ. ಬಾಗಿಲು, ಕಿಟಕಿ ಸುಮ್ನೆ ಬಿಗಿಯಾಗಿವೆ, ನೆಲದಲ್ಲಿ ಹೊಸ ಬಿರುಕು ಬಿಟ್ಟಿದೆ. ಕರೆಂಟ್ ಕಂಬ, ಅಡಿಕೆ ಮರ ವಾಲಿವೆ. ಗುಡ್ಡದೊಳಗಿನಿಂದ ಗುಡುಗಿನಂಥ ಸದ್ದು. ಎಲ್ಲಕ್ಕಿಂತ ಮೋಸದ್ದು ಯಾವುದು ಗೊತ್ತಾ? ಮಳೆ ಸುರಿಯುತ್ತಲೇ ಇದ್ದು ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿಯುವುದು. ನೀರು ಕಡಿಮೆಯಾಯಿತು ಅಂತ ಸಮಾಧಾನಪಡಬೇಡಿ. ಮೇಲೆಲ್ಲೋ ಮಣ್ಣು, ಮರ ಬಿದ್ದು ಹಳ್ಳ ಕಟ್ಟಿಕೊಂಡಿದೆ. ಅದು ಒಡೆದರೆ ಎಲ್ಲ ಒಟ್ಟಿಗೇ ಬರುತ್ತದೆ. ಹಳ್ಳದ ಉದ್ದಕ್ಕೆ ಕೆಳಗೆ ಓಡದೆ ಪಕ್ಕಕ್ಕೆ, ಎತ್ತರಕ್ಕೆ ಹೋಗಿ.

ಕೂಗು ಯಾವುದು, ದಾರಿ ಯಾವುದು

ಟವರ್‌ನ ಬ್ಯಾಟರಿ ಮುಗಿದರೆ ವಾಟ್ಸ್‌ಆ್ಯಪ್ ಇಲ್ಲ. ಫೋನಿಲ್ಲದೆ ಕೇಳಿಸುವ ಒಂದು ಸದ್ದು ಬೇಕು. ದೇವಸ್ಥಾನದ ಗಂಟೆ, ಮಸೀದಿಯ ಮೈಕ್, ಶಾಲೆಯ ಗಂಟೆ, ಕೈಯಲ್ಲಿ ತಿರುಗಿಸುವ ಸೈರನ್, ಯಾವುದಾದರೂ ಆಗಲಿ, ಒಂದನ್ನೇ ಗೊತ್ತುಮಾಡಿ. ಕೊಡಗಿನಲ್ಲಿ ಕೋವಿ ಇದೆಯಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ಕೊಡವರಲ್ಲಿ ಸಾವಿನ ಸುದ್ದಿಗೆ ಗುಂಡು ಹಾರಿಸುವ ಪದ್ಧತಿ ಇದೆ. ಈಗಾಗಲೇ ಒಂದು ಅರ್ಥ ಇರುವ ಸದ್ದನ್ನು ಇದಕ್ಕೆ ಬಳಸಬೇಡಿ. ಗುಡುಗಿನ ನಡುವೆ ಅದು ಗೊತ್ತಾಗುವುದೂ ಕಷ್ಟ.

ಹತ್ತು ಮನೆಗೆ ಒಬ್ಬರಂತೆ ಹೊಣೆ ಹಂಚಿ. ಆ ಒಬ್ಬರು ಬಾಗಿಲು ತಟ್ಟಿ, ಎಲ್ಲರೂ ಹೊರಟರಾ ಅಂತ ತಲೆ ಎಣಿಸಬೇಕು.

ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆ ಅಂತ ತಹಸೀಲ್ದಾರ್ ಕಚೇರಿಯಲ್ಲಿ ಮೊದಲೇ ಕೇಳಿ. ಆಮೇಲೆ ಆ ದಾರಿಯಲ್ಲಿ ನೀವೇ ನಡೆದು ನೋಡಿ. ದಾರಿ ಹಳ್ಳ ದಾಟುತ್ತದಾ? ಧರೆಯ ಕೆಳಗೆ ಹೋಗುತ್ತದಾ? ಕೇಂದ್ರ ಅಂದುಕೊಂಡ ಶಾಲೆಯೇ ಗುಡ್ಡದ ಬುಡದಲ್ಲಿದೆಯಾ? ಹಾಗಿದ್ದರೆ ಬೇರೆ ಜಾಗ ಕೇಳಿ, ಬರವಣಿಗೆಯಲ್ಲೇ ಕೇಳಿ.

ನಡೆಯಲಾಗದವರನ್ನು ಕರೆದೊಯ್ಯುವುದು ಅಭ್ಯಾಸವಿಲ್ಲದೆ ಬರುವ ಕೆಲಸವಲ್ಲ. ಕೈ ಇರುವ ಗಟ್ಟಿ ಮರದ ಕುರ್ಚಿ ತಗೊಳ್ಳಿ. ಪ್ಲಾಸ್ಟಿಕ್‌ನದ್ದು ಬೇಡ, ಮುರಿಯುತ್ತದೆ. ಕೈಗಳ ಕೆಳಗೆ ಎರಡು ಬಿದಿರಿನ ಗಳ ತೂರಿಸಿ, ಹಗ್ಗದಿಂದ ನಾಲ್ಕು ಕಡೆ ಬಿಗಿಯಿರಿ. ಕೂತವರ ಸೊಂಟಕ್ಕೆ ಪಂಚೆ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿ. ನಾಲ್ಕು ಜನ ಹೊರಬೇಕು. ಮೆಟ್ಟಿಲು ಇಳಿಯುವಾಗ ಕುರ್ಚಿ ಸ್ವಲ್ಪ ಹಿಂದಕ್ಕೆ ವಾಲಿರಲಿ. ಮೇ ಕೊನೆಯಲ್ಲಿ ಒಮ್ಮೆ, ಅಜ್ಜ ಅಜ್ಜಿಯರನ್ನೇ ಕೂರಿಸಿ ರಸ್ತೆಯವರೆಗೆ ಹೋಗಿ ಬನ್ನಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಯಾವ ಮನೆಗೆ ಮೊದಲು ಹೋಗಬೇಕು ಅಂತ ಆಗ ತಾನಾಗಿ ಗೊತ್ತಾಗುತ್ತದೆ.

ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ಒಂದು ವಾರದ ಮಾತ್ರೆ, ಟಾರ್ಚ್, ಪವರ್ ಬ್ಯಾಂಕ್, ಒಂದು ಜೊತೆ ಬಟ್ಟೆ ಇದ್ದರೆ ಸಾಕು. ಹೊರಡುವಾಗ ಗ್ಯಾಸ್ ಮತ್ತು ಮೇನ್ ಸ್ವಿಚ್ ಆರಿಸಿ, ದನದ ಹಗ್ಗ ಬಿಚ್ಚಿ.

ಜಿಲ್ಲಾ ನಿಯಂತ್ರಣ ಕೊಠಡಿ 1077, ತುರ್ತು ಕರೆ 112, ಕರೆಂಟ್ ತಂತಿ ಬಿದ್ದರೆ 1912. ಈ ನಂಬರ್‌ಗಳನ್ನು ಗೋಡೆ ಮೇಲೆ ಬರೆಯಿರಿ.

ಸಿಡಿಲು, ಗಾಳಿ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಬರುವ ಗುಡುಗು ಮಳೆಯಲ್ಲಿ ತೋಟದಲ್ಲಿರುವವರಿಗೆ ಅಪಾಯ ಜಾಸ್ತಿ. ಗುಡುಗು ಕೇಳಿದ ಕೂಡಲೇ ಕೆಲಸ ಬಿಟ್ಟು ಕಟ್ಟಡದೊಳಗೆ ಬನ್ನಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಗೆ ಹೋಗಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. 'ಸಿಡಿಲು', 'ದಾಮಿನಿ' ಆ್ಯಪ್‌ಗಳು ಸುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತವೆ. ಮನೆ ಮೇಲೆ, ತಂತಿ ಮೇಲೆ ವಾಲಿದ ಸಿಲ್ವರ್ ಓಕ್ ಕೊಂಬೆಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆಸಿ. ತಂತಿ ಹತ್ತಿರದ್ದನ್ನು ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೇ ಕಡಿಯಬೇಕು.

ವಾಪಸ್ ಬರುವುದು

ಮಳೆ ನಿಂತಿತು ಅಂತ ಮಾರನೇ ದಿನವೇ ಮನೆಗೆ ಹೋಗಬೇಡಿ. ಮಣ್ಣೊಳಗಿನ ನೀರು ಇಳಿಯಲು ಹೊತ್ತು ಬೇಕು. ಬಿಸಿಲು ಬಂದ ಮೇಲೂ ಗುಡ್ಡ ಜಾರುತ್ತದೆ. ಕುಸಿದ ಜಾಗ ನೋಡಲು, ಫೋಟೊ ತೆಗೆಯಲು ಜನ ಸೇರುವುದನ್ನು ಹೊಣೆ ಹೊತ್ತವರು ತಡೆಯಲೇಬೇಕು, ಮೇಲಿನ ಉಳಿದ ಮಣ್ಣು ಯಾವಾಗ ಬೇಕಾದರೂ ಬರಬಹುದು. ಮೊದಲು ಇಬ್ಬರು, ಹಗಲಲ್ಲಿ, ಧರೆಯ ಬಿರುಕು ಮತ್ತು ಗೂಟದ ಅಂತರ ನೋಡಿ ಬರಲಿ. ಹಾನಿಯಾದ ಮನೆಯನ್ನು ಸ್ವಚ್ಛ ಮಾಡುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾವಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಕುದಿಸಿಯೇ ಕುಡಿಯಿರಿ.

ನಕ್ಷೆಯನ್ನು ಪ್ರತಿ ವರ್ಷ ಹೊಸದಾಗಿ ನೋಡಬೇಕು. ಕಾಫಿ ಕೊಯ್ಲು ಮುಗಿದು ಬಿಡುವಾದಾಗ ಮತ್ತೆ ಒಂದು ಸುತ್ತು ಹಾಕಿ. ಹೊಸದಾಗಿ ಜೆಸಿಬಿ ಎಲ್ಲಿ ಕಡಿದಿದೆ, ಹೊಸ ರಸ್ತೆಯ ಮಣ್ಣನ್ನು ಯಾವ ಹಳ್ಳಕ್ಕೆ ತಳ್ಳಿದ್ದಾರೆ, ಲೈನ್ ಮನೆಗೆ ಹೊಸಬರು ಯಾರು ಬಂದಿದ್ದಾರೆ ಅಂತ ಸೇರಿಸಿ, ಒಂದು ಪ್ರತಿಯನ್ನು ಪಂಚಾಯಿತಿಗೆ, ಒಂದನ್ನು ಶಾಲೆಗೆ, ಒಂದನ್ನು ರೇಷನ್ ಅಂಗಡಿಗೆ ಅಂಟಿಸಿ. ಮನೆಯವರ ಹೆಸರು, ಕಾಯಿಲೆ ಇರುವ ಪಟ್ಟಿಯನ್ನು ಮಾತ್ರ ಅಂಟಿಸಬೇಡಿ, ಅದು ಹೊಣೆ ಹೊತ್ತವರ ಹತ್ತಿರ ಇರಲಿ.